ವಸಾಹತು ಕಟ್ಟುವ ಆಟಕ್ಕೆ ನಡೆಯುವಂಥ ಅರ್ಥವ್ಯವಸ್ಥೆ ರೂಪಿಸುವ ಬಗೆ

ವಸಾಹತು ಕಟ್ಟುವ ಸಿಮ್ಯುಲೇಷನ್ ಆಟವನ್ನು ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲ ದಿನವೇ ಒಂದು ಪಟ್ಟಿ ಬರೆಯುತ್ತಾರೆ. ಮರ, ಕಲ್ಲು, ಕಬ್ಬಿಣ, ಗೋಧಿ ಎಂದು ಸಂಪನ್ಮೂಲಗಳು. ಗಿರಣಿ, ಕುಲುಮೆ, ಉಗ್ರಾಣ ಎಂದು ಕಟ್ಟಡಗಳು. ಪ್ರತಿ ಕಟ್ಟಡಕ್ಕೂ ಇಷ್ಟು ಮರ, ಇಷ್ಟು ಕಲ್ಲು ಎಂಬ ಬೆಲೆ. ಪಟ್ಟಿ ನೋಡಲು ತುಂಬಿಕೊಂಡಿರುತ್ತದೆ, ಆದರೆ ಅದರಿಂದ ಅರ್ಥವ್ಯವಸ್ಥೆ ಹುಟ್ಟುವುದಿಲ್ಲ. ವಸಾಹತಿನಲ್ಲಿ ನಿಜವಾಗಿ ಕೊರತೆಯಿರುವುದು ಮರಕ್ಕಾಗಲಿ ಕಲ್ಲಿಗಾಗಲಿ ಅಲ್ಲ, ಅಲ್ಲಿ ಇರುವ ಮೂವತ್ತು ಜನರ ಸಮಯಕ್ಕೆ. ಈ ಹೊತ್ತು ಮರ ಕಡಿಯುತ್ತಿರುವವನು ಇದೇ ಹೊತ್ತಿನಲ್ಲಿ ಹೊಲದಲ್ಲಿ ಇರಲಾರ ಎಂಬ ಒಂದೇ ಸಂಗತಿಯಿಂದ ಆಟಗಾರನ ಎಲ್ಲ ನಿರ್ಧಾರಗಳೂ ಹುಟ್ಟುತ್ತವೆ. ಆದ್ದರಿಂದ ಈ ಬರಹದಲ್ಲಿ ಎಲ್ಲ ವಸ್ತುಗಳನ್ನೂ ದುಡಿಮೆಯ ಸಮಯದಲ್ಲಿಯೇ ಅಳೆಯುತ್ತೇನೆ. ಒಮ್ಮೆ ಹಾಗೆ ಅಳೆಯತೊಡಗಿದರೆ ಆಟದ ಯಾವ ಸಂಖ್ಯೆ ತಪ್ಪಾಗಿದೆ ಎಂಬುದು ಒಂದು ಸಾಲು ಕೋಡ್ ಬರೆಯುವ ಮೊದಲೇ ಸ್ಪ್ರೆಡ್‌ಶೀಟಿನಲ್ಲಿ ಕಾಣಿಸುತ್ತದೆ.

ಅಳತೆಗೋಲು: ಒಬ್ಬ ನಿವಾಸಿಯ ಒಂದು ದಿನ

ಆಟದ ಒಂದು ದಿನ 600 ಸೆಕೆಂಡು ಎಂದಿಟ್ಟುಕೊಳ್ಳೋಣ. ನಿದ್ದೆಗೆ 180, ಊಟಕ್ಕೆ 40, ವಿರಾಮಕ್ಕೆ 80 ಸೆಕೆಂಡು ಕಳೆದರೆ ಉಳಿಯುವುದು 300. ಈ 300ರಲ್ಲಿಯೂ ಮನೆಯಿಂದ ಹೊಲಕ್ಕೆ, ಹೊಲದಿಂದ ಉಗ್ರಾಣಕ್ಕೆ ಎಂದು ನಡೆಯುವುದಕ್ಕೇ ಶೇಕಡಾ 30ರಷ್ಟು, ಅಂದರೆ 90 ಸೆಕೆಂಡು ಹೋಗುತ್ತದೆ. ಕೈ ನಿಜವಾಗಿ ಕೆಲಸದ ಮೇಲೆ ಇರುವುದು 210 ಸೆಕೆಂಡು ಮಾತ್ರ. ಈ ಅಧ್ಯಾಯದಿಂದಾಚೆಗೆ ಒಬ್ಬ ಕೆಲಸಗಾರನೆಂದರೆ ದಿನಕ್ಕೆ 210 ಸೆಕೆಂಡು ಎಂದೇ ಅರ್ಥ.

ಈಗ ಆಹಾರದ ಸರಪಳಿಯನ್ನು ತೆಗೆದುಕೊಳ್ಳೋಣ. ಒಬ್ಬರಿಗೆ ದಿನಕ್ಕೆ 2 ಬ್ರೆಡ್ ಬೇಕು. ಒಂದು ಮೂಟೆ ಹಿಟ್ಟಿನಿಂದ 2 ಬ್ರೆಡ್ ಆಗುತ್ತವೆ, ಅದಕ್ಕೆ 30 ಸೆಕೆಂಡು ಹಿಡಿಯುತ್ತದೆ. ಒಂದು ಮೂಟೆ ಹಿಟ್ಟಿಗೆ 2 ಹೊರೆ ಗೋಧಿ ಬೇಕು, ಬೀಸಲು 10 ಸೆಕೆಂಡು. ಒಂದು ಹೊರೆ ಗೋಧಿ ಬೆಳೆಯಲು ಒಟ್ಟಾರೆ 15 ಸೆಕೆಂಡಿನ ದುಡಿಮೆ. ಕೂಡಿದರೆ ಒಬ್ಬರ ಒಂದು ದಿನದ ಊಟದ ಬೆಲೆ 70 ಸೆಕೆಂಡು. 210ನ್ನು 70ರಿಂದ ಭಾಗಿಸಿದರೆ 3 ಬರುತ್ತದೆ: ಆಹಾರದ ಕೆಲಸದಲ್ಲಿರುವ ಪ್ರತಿಯೊಬ್ಬರೂ ತಮ್ಮನ್ನೂ ಸೇರಿಸಿ ಮೂವರಿಗೆ ಉಣಿಸುತ್ತಾರೆ. ಮೂವತ್ತು ಜನರ ವಸಾಹತಿನಲ್ಲಿ ಹತ್ತು ಜನ ಆಹಾರಕ್ಕೇ ಮೀಸಲು. ನಿಮ್ಮ ಆಟದ ಸ್ವಭಾವವನ್ನು ಬೇರೆಲ್ಲ ಸಂಖ್ಯೆಗಳಿಗಿಂತ ಹೆಚ್ಚಾಗಿ ನಿರ್ಧರಿಸುವುದು ಇದೊಂದು ಅನುಪಾತ. ಒಬ್ಬ ಹತ್ತು ಜನರಿಗೆ ಉಣಿಸಬಲ್ಲನಾದರೆ ಅದು ನಗರ ಕಟ್ಟುವ ಆಟವಾಗುತ್ತದೆ, ಒಬ್ಬ ಒಂದೂವರೆ ಜನಕ್ಕೆ ಮಾತ್ರ ಉಣಿಸಬಲ್ಲನಾದರೆ ಬದುಕುಳಿಯುವ ಆಟವಾಗುತ್ತದೆ. ಎರಡರಲ್ಲಿ ಯಾವುದು ಬೇಕೆಂದು ಮೊದಲು ತೀರ್ಮಾನಿಸಿ, ಸೆಕೆಂಡುಗಳನ್ನು ಆಮೇಲೆ ಹೊಂದಿಸಿರಿ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮೂವತ್ತು ಜನರಿಗೆ ಹೊಲದಲ್ಲಿ 4.3, ಗಿರಣಿಯಲ್ಲಿ 1.4, ಬೇಕರಿಯಲ್ಲಿ 4.3 ಜನ ಬೇಕು. ಜನರನ್ನು ತುಂಡು ಮಾಡಲಾಗದ್ದರಿಂದ ಪ್ರತಿಯೊಂದು ಕೆಲಸಕ್ಕೂ ಖಾಯಂ ಆಳುಗಳನ್ನು ನೇಮಿಸುವ ಆಟದಲ್ಲಿ ಅದು 5, 2, 5 ಆಗಿ ಹತ್ತರ ಬದಲು ಹನ್ನೆರಡು ಜನ ಹಿಡಿಯುತ್ತಾರೆ. ಆರು ಜನರ ಆರಂಭದ ವಸಾಹತಿನಲ್ಲಂತೂ ಲೆಕ್ಕದ ಪ್ರಕಾರ ಇಬ್ಬರು ಸಾಕಾದ ಕಡೆ ಮೂವರು ಬೇಕಾಗುತ್ತಾರೆ, ಅಂದರೆ ಅರ್ಧ ಊರು. ಆಟದ ಆರಂಭ ಅನಗತ್ಯವಾಗಿ ಬಿಗಿಯಾಗಿದೆ ಎಂದು ಪರೀಕ್ಷಕರು ದೂರಿದಾಗ ಕಾರಣ ಬಹಳ ಸಲ ಇಲ್ಲಿಯೇ ಇರುತ್ತದೆ. ಪರಿಹಾರ ಸರಳ: ತನ್ನ ಕೆಲಸ ಮುಗಿದ ಗಿರಣಿಯವನು ಬೇಕರಿಗೋ ಹೊಲಕ್ಕೋ ತಾನಾಗಿಯೇ ಹೋಗುವಂತೆ ಪ್ರತಿ ನಿವಾಸಿಗೂ ಆದ್ಯತೆಯ ಪಟ್ಟಿ ಕೊಡಿ. ಪರಿಣತಿ, ವಿಶೇಷ ವೃತ್ತಿ ಮುಂತಾದವು ಜನಸಂಖ್ಯೆ ಬೆಳೆದ ಮೇಲೆ ಬರಲಿ.

ಉಳಿಕೆಯೇ ಆಟದ ಅಂಗಳ

ಮೂವತ್ತು ಜನರಲ್ಲಿ ಆರು ಮಕ್ಕಳಿದ್ದಾರೆ, ದುಡಿಯುವವರು 24 ಎಂದುಕೊಳ್ಳಿ. ಆಹಾರಕ್ಕೆ 10, ಸೌದೆಗೆ 4, ಉಪಕರಣಗಳಿಗೆ 3, ಕಟ್ಟಡಗಳ ದುರಸ್ತಿಗೆ 2 ಜನ ಹೋದರೆ 19 ಆಯಿತು. ಉಳಿದ ಐವರು ಮಾತ್ರ ಆಟಗಾರನ ಇಚ್ಛೆಗೆ ಸಿಗುವವರು. ಹೊಸ ಮನೆ, ಗೋಡೆ, ಗಣಿ, ಸಂಶೋಧನೆ, ವ್ಯಾಪಾರ ಎಲ್ಲವೂ ಈ ಐವರ ಕೈಯಿಂದಲೇ ಆಗಬೇಕು. ದುಡಿಯುವವರಲ್ಲಿ ಐದನೆಯ ಒಂದು ಭಾಗದಷ್ಟು ಉಳಿಕೆ ಇದ್ದರೆ ಆಟ ಸೊಗಸಾಗಿ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ತೀರಾ ಕಡಿಮೆಯಾದರೆ ಆಟಗಾರ ಕಾಯುತ್ತ ಕೂರುತ್ತಾನೆ. ಅರ್ಧದಷ್ಟು ಉಳಿದರೆ ಯಾವ ನಿರ್ಧಾರಕ್ಕೂ ತೂಕವಿರುವುದಿಲ್ಲ.

ಉಪಕರಣಗಳ ಉದಾಹರಣೆ ಇಲ್ಲಿ ಉಪಯುಕ್ತ. ಒಂದು ಉಪಕರಣ 24 ದಿನ ಬಾಳಿಕೆ ಬಂದರೆ, 24 ಜನರಿಗೆ ದಿನಕ್ಕೆ ಒಂದರಂತೆ ಹೊಸದು ಬೇಕು. ಅದಿರು ತೆಗೆಯುವುದರಿಂದ ಹಿಡಿದು ಬಡಿಯುವವರೆಗೆ 140 ಸೆಕೆಂಡು ಸಾಕೆಂದು ನೀವು ಇಟ್ಟರೆ ಒಬ್ಬನಿಗಿಂತ ಕಡಿಮೆ ದುಡಿಮೆಯಲ್ಲಿ ಇಡೀ ಊರಿನ ವೇಗ ಹೆಚ್ಚುತ್ತದೆ, ಆಗ ಉಪಕರಣ ಮಾಡಬೇಕೇ ಬೇಡವೇ ಎಂಬ ಪ್ರಶ್ನೆಯೇ ಏಳುವುದಿಲ್ಲ, ಅದು ಬರಿಯ ಕ್ಲಿಕ್ಕಿನ ಕೆಲಸವಾಗುತ್ತದೆ. 630 ಸೆಕೆಂಡು ಎಂದಿಟ್ಟರೆ ಮೂವರು ಬೇಕು. ಆಗ ಆಟಗಾರ ಒಂದು ವಾರ ಕುಲುಮೆ ನಿಲ್ಲಿಸಿ ಮನೆ ಕಟ್ಟಲೇ ಎಂದು ಯೋಚಿಸುತ್ತಾನೆ, ಆ ಯೋಚನೆಯೇ ನಮಗೆ ಬೇಕಾದದ್ದು.

ಕುಸಿತಕ್ಕೆ ಇಳಿಜಾರು ಬೇಕು, ಪ್ರಪಾತವಲ್ಲ

ಎಲ್ಲ ವಸಾಹತು ಆಟಗಳಲ್ಲಿಯೂ ತನ್ನನ್ನು ತಾನೇ ಬೆಳೆಸಿಕೊಳ್ಳುವ ಸುಳಿಗಳು ಇರುತ್ತವೆ. ಉಪಕರಣ ಕಡಿಮೆಯಾದರೆ ದುಡಿಮೆ ನಿಧಾನವಾಗುತ್ತದೆ, ದುಡಿಮೆ ನಿಧಾನವಾದರೆ ಉಪಕರಣ ಇನ್ನೂ ಕಡಿಮೆಯಾಗುತ್ತದೆ. ಇಂಥ ಸುಳಿಯನ್ನು ತೆಗೆದುಹಾಕಬೇಕಾಗಿಲ್ಲ, ಅದು ತಳ ಮುಟ್ಟುವ ಮೊದಲು ಹಿಡಿದು ಏರಲು ಒಂದು ಮೆಟ್ಟಿಲು ಇರಬೇಕು. ಲೆಕ್ಕ ಹಾಕಿ ನೋಡಿ: ಉಪಕರಣವಿಲ್ಲದವನ ವೇಗ ಅರ್ಧಕ್ಕೆ ಇಳಿಯುತ್ತದೆ ಎಂದಿಟ್ಟರೆ ಆಹಾರಕ್ಕೆ 20, ಸೌದೆಗೆ 8, ಒಟ್ಟು 28 ಜನ ಬೇಕು; ಇರುವವರು 24. ಆಹಾರವನ್ನಷ್ಟೇ ನೋಡಿದ್ದರೆ ಊರು ಉಳಿಯುತ್ತದೆ ಎನಿಸುತ್ತಿತ್ತು, ಸೌದೆಯನ್ನೂ ಸೇರಿಸಿದಾಗ ಇಂಥ ಊರು ಮರಳಿ ಏಳಲಾರದು ಎಂದು ತಿಳಿಯುತ್ತದೆ. ಅದೇ ವೇಗ ಶೇಕಡಾ 70ಕ್ಕೆ ಮಾತ್ರ ಇಳಿದರೆ ಆಹಾರಕ್ಕೆ 14.3, ಸೌದೆಗೆ 5.7, ಒಟ್ಟು 20. ದುರಸ್ತಿಯನ್ನು ಮುಂದಕ್ಕೆ ಹಾಕಿದರೆ ನಾಲ್ವರು ಕುಲುಮೆಗೆ ಸಿಗುತ್ತಾರೆ, ಅವರು ದಿನಕ್ಕೆ ಹೆಚ್ಚುಕಡಿಮೆ ಒಂದು ಉಪಕರಣ ಮಾಡುತ್ತಾರೆ, ಪ್ರತಿ ಉಪಕರಣವೂ ಮತ್ತೊಂದಿಷ್ಟು ಸಮಯವನ್ನು ಬಿಡುಗಡೆ ಮಾಡುತ್ತದೆ. ಆಟಗಾರ ನೋವು ಅನುಭವಿಸುತ್ತಾನೆ, ಆದರೆ ಊರನ್ನು ಉಳಿಸಿಕೊಳ್ಳುತ್ತಾನೆ. ಆ ಒಂದು ಅಂಶವನ್ನು 0.5ರಿಂದ 0.7ಕ್ಕೆ ಬದಲಿಸುವುದಕ್ಕೆ ಒಂದು ಕ್ಷಣ ಸಾಕು. ಬದಲಿಸಬೇಕೆಂದು ಗೊತ್ತಾಗುವುದು ಮಾತ್ರ ಈ ಲೆಕ್ಕದಿಂದ.

ಹಸಿವಿಗೂ ಇದೇ ನಿಯಮ. ಊಟವಿಲ್ಲದೆ ನಿವಾಸಿ ಮೂರು ದಿನದಲ್ಲಿ ಸಾಯುವುದಾದರೆ ಮತ್ತು ಹೊಸ ಹೊಲ ಫಲ ಕೊಡಲು ಎಂಟು ದಿನ ಬೇಕಾದರೆ, ಕೊರತೆ ಕಣ್ಣಿಗೆ ಬಿದ್ದ ಮೇಲೆ ಆಟಗಾರ ಏನು ಮಾಡಿದರೂ ತಡವಾಗಿರುತ್ತದೆ. ತಿದ್ದಿಕೊಳ್ಳಲು ಬೇಕಾದ ಸಮಯ ಯಾವಾಗಲೂ ಸಾವಿಗೆ ಹಿಡಿಯುವ ಸಮಯಕ್ಕಿಂತ ಕಡಿಮೆಯಿರಬೇಕು. ಅದಕ್ಕಾಗಿ ದುಬಾರಿಯಾದರೂ ತಕ್ಷಣ ಸಿಗುವ ಒಂದು ಮಾರ್ಗವನ್ನು ಇಡಿ. ಕಾಡಿನಲ್ಲಿ ಹಣ್ಣು, ಗೆಡ್ಡೆ ಆಯುವುದಕ್ಕೆ ಒಬ್ಬರ ಊಟಕ್ಕೆ 70ರ ಬದಲು 105 ಸೆಕೆಂಡು ಹಿಡಿಯಲಿ. ಆಗ ಹದಿನೈದು ಜನ ಆಯ್ದರೆ ಮೂವತ್ತು ಜನ ಬದುಕುತ್ತಾರೆ, ಬೇರೆ ಕೆಲಸ ಬಹುತೇಕ ನಿಲ್ಲುತ್ತದೆ.

ನಡಿಗೆ ಎಂಬ ಕಾಣದ ತೆರಿಗೆ

ನನ್ನ ದೃಷ್ಟಿಯಲ್ಲಿ ಈ ಬಗೆಯ ಆಟಗಳ ಅತ್ಯಂತ ಆಸಕ್ತಿಕರ ಭಾಗ ಇದು, ವಿನ್ಯಾಸಕರು ಅತ್ಯಂತ ಕಡಿಮೆ ಲೆಕ್ಕ ಹಾಕುವ ಭಾಗವೂ ಇದೇ. ಮೇಲಿನ ವಸಾಹತಿನಲ್ಲಿ 19 ಜನ ದಿನಕ್ಕೆ 3,990 ಸೆಕೆಂಡು ದುಡಿದರೆ ಊರು ನಿಂತಲ್ಲೇ ನಿಲ್ಲುತ್ತದೆ. ಊರು ಬೆಳೆದು ಹೊಲಗಳು ದೂರವಾಗಿ, ನಡಿಗೆ ಶೇಕಡಾ 30ರಿಂದ 50ಕ್ಕೆ ಏರಿತೆಂದುಕೊಳ್ಳಿ. ಆಗ ಒಬ್ಬನ ದುಡಿಮೆ 210ರಿಂದ 150 ಸೆಕೆಂಡಿಗೆ ಇಳಿಯುತ್ತದೆ, ಅದೇ ಕೆಲಸಕ್ಕೆ ಸುಮಾರು 27 ಜನ ಬೇಕಾಗುತ್ತಾರೆ. ಇರುವವರು 24. ಬರಗಾಲ ಬಂದಿಲ್ಲ, ರೋಗ ಬಂದಿಲ್ಲ, ದಾಳಿಯಾಗಿಲ್ಲ, ಆದರೂ ಊರು ಸಾಯುತ್ತದೆ, ಏಕೆಂದು ಆಟಗಾರನಿಗೆ ತಿಳಿಯುವುದೇ ಇಲ್ಲ.

ಆದ್ದರಿಂದ ನಡಿಗೆಯನ್ನು ಕಣ್ಣಿಗೆ ಕಾಣುವಂತೆ ಮಾಡಬೇಕು. 1993ರಲ್ಲಿ ಬಂದ ಜರ್ಮನಿಯ ಬ್ಲೂ ಬೈಟ್ ಸಂಸ್ಥೆಯ ‘ದಿ ಸೆಟ್ಲರ್ಸ್’ ಆಟದಲ್ಲಿ ರಸ್ತೆಗಳ ಮೇಲೆ ಬಾವುಟಗಳಿದ್ದವು. ಎರಡು ಬಾವುಟಗಳ ನಡುವಿನ ತುಂಡಿಗೆ ಒಬ್ಬ ಹೊರುವವನು ನಿಂತು ಸರಕನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ. ಯಾವ ಬಾವುಟದ ಬಳಿ ಸರಕು ಗುಡ್ಡೆಯಾಗಿದೆಯೋ ಅಲ್ಲಿ ಅಡಚಣೆಯಿದೆ ಎಂದು ಯಾವ ಅಂಕಿಅಂಶವೂ ಇಲ್ಲದೆ ತಿಳಿಯುತ್ತಿತ್ತು. ನಿಮ್ಮ ಆಟದಲ್ಲಿ ಬಾವುಟ ಇಲ್ಲದಿದ್ದರೆ ಪ್ರತಿ ಕೆಲಸಗಾರನ ವಿವರದಲ್ಲಿ ‘ನಿನ್ನೆ ನಡೆದದ್ದು ಇಷ್ಟು, ದುಡಿದದ್ದು ಇಷ್ಟು’ ಎಂಬ ಒಂದು ಪಟ್ಟಿಯನ್ನಾದರೂ ತೋರಿಸಿ. ಹತ್ತಿರದ ಉಗ್ರಾಣ, ಕೈಗಾಡಿ, ಕಲ್ಲುಹಾಸಿದ ದಾರಿ, ಕೆಲಸದ ಬಳಿಯೇ ಮನೆ ಇವೆಲ್ಲ ಆಗ ಅಲಂಕಾರವಾಗಿ ಉಳಿಯದೆ ಬಂಡವಾಳವಾಗುತ್ತವೆ. ದಾರಿಗೆ ಹಾಕಿದ ಕಲ್ಲು ಎಷ್ಟು ದಿನದಲ್ಲಿ ನಡಿಗೆಯ ಉಳಿತಾಯವಾಗಿ ಮರಳುತ್ತದೆ ಎಂಬುದನ್ನು ನೀವೇ ಮೊದಲು ಲೆಕ್ಕ ಹಾಕಿ. ಹತ್ತರಿಂದ ಇಪ್ಪತ್ತು ದಿನದೊಳಗೆ ಮರಳಿದರೆ ಆಟಗಾರ ಅದನ್ನು ಸಂತೋಷದಿಂದ ಕಟ್ಟುತ್ತಾನೆ.

ದಾಸ್ತಾನು, ವಿಳಂಬ, ಅಲೆ

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ 1950ರ ದಶಕದಲ್ಲಿ ಕಾರ್ಖಾನೆಗಳ ಏರಿಳಿತವನ್ನು ಅರಿಯಲು ದಾಸ್ತಾನು ಮತ್ತು ಹರಿವುಗಳ ಮಾದರಿಯನ್ನು ಬೆಳೆಸಿದರು. ನಗರಗಳ ಬಗ್ಗೆ ಅವರು ಮುಂದೆ ಮಾಡಿದ ಕೆಲಸ 1989ರ ‘ಸಿಮ್‌ಸಿಟಿ’ ಆಟ ರೂಪಿಸಿದ ವಿಲ್ ರೈಟ್ ಅವರಿಗೆ ನೆರವಾಯಿತು. ಆ ಮಾದರಿ ಕಲಿಸುವ ಮುಖ್ಯ ಪಾಠ ನಮಗೆ ನೇರವಾಗಿ ಬೇಕಾದದ್ದು: ದಾಸ್ತಾನಿನ ಮುಂದೆ ವಿಳಂಬವಿದ್ದರೆ ಅಲೆಗಳು ಏಳುತ್ತವೆ. ಆಟಗಾರ ಕೊರತೆ ಕಂಡು ಹೊಲ ಹೆಚ್ಚಿಸುತ್ತಾನೆ, ಫಲ ಬರುವಷ್ಟರಲ್ಲಿ ಗಾಬರಿಯಿಂದ ಇನ್ನೂ ಹೆಚ್ಚಿಸಿರುತ್ತಾನೆ, ಆಮೇಲೆ ಉಗ್ರಾಣ ತುಂಬಿ ಹರಿದು ಹೊಲಗಳನ್ನು ಮುಚ್ಚುತ್ತಾನೆ, ಮತ್ತೆ ಕೊರತೆ.

ಇದರಲ್ಲಿ ಜನನದ ವಿಳಂಬ ಎಲ್ಲಕ್ಕಿಂತ ದೊಡ್ಡದು. ಮಗು ದುಡಿಯುವ ವಯಸ್ಸಿಗೆ ಬರಲು 96 ದಿನ ಬೇಕಾದರೆ ಅಷ್ಟರಲ್ಲಿ ಅದು ತಿನ್ನುವ ಆಹಾರದ ಬೆಲೆ 6,720 ಸೆಕೆಂಡು, ಅಂದರೆ ಒಬ್ಬ ಕೆಲಸಗಾರನ 32 ದಿನದ ದುಡಿಮೆ. ಹದಿನೈದು ಮಕ್ಕಳು ಒಟ್ಟಿಗೆ ಹುಟ್ಟಿದರೆ ಅವರಿಗೆ ಉಣಿಸುವುದಕ್ಕೇ ದಿನಕ್ಕೆ ಐವರು ಬೇಕು, ಊರಿನ ಇಡೀ ಉಳಿಕೆ ಅಲ್ಲಿಗೆ ಮುಗಿಯಿತು. 2014ರಲ್ಲಿ ಬಿಡುಗಡೆಯಾದ ‘ಬ್ಯಾನಿಷ್ಡ್’ ಆಟದಲ್ಲಿ ಯುವಜೋಡಿಗಳು ಹೊಸ ಮನೆ ಸಿಕ್ಕ ಮೇಲೆ ಬೇರೆ ಸಂಸಾರ ಹೂಡಿ ಮಕ್ಕಳನ್ನು ಪಡೆಯುತ್ತಾರೆ. ಒಂದೇ ಸಲ ಹಲವು ಮನೆ ಕಟ್ಟಿದವರು ಮೊದಲು ಮಕ್ಕಳ ಅಲೆಯನ್ನೂ, ತಲೆಮಾರು ಕಳೆದ ಮೇಲೆ ಅದೇ ವಯಸ್ಸಿನವರೆಲ್ಲ ಒಟ್ಟಿಗೆ ಮುದುಕರಾಗುವ ಅಲೆಯನ್ನೂ ಎದುರಿಸುತ್ತಾರೆ. ಮನೆಗಳ ಮೂಲಕ ಜನನವನ್ನು ನಿಯಂತ್ರಿಸುವುದು ಒಳ್ಳೆಯ ಉಪಾಯವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಕೀಲಿ ಆಟಗಾರನ ಕೈಯಲ್ಲಿರುತ್ತದೆ. ಆದರೆ ಮುಂದಿನ ವರ್ಷಗಳಲ್ಲಿ ಎಷ್ಟು ಜನ ದುಡಿಯುತ್ತಾರೆ, ಎಷ್ಟು ಜನ ತಿನ್ನುತ್ತಾರೆ ಎಂಬ ಒಂದು ಗೆರೆಯನ್ನು ಆಟ ಅವನಿಗೆ ಮೊದಲೇ ತೋರಿಸಬೇಕು.

ಆರಂಭದ ದಾಸ್ತಾನು ಎಷ್ಟಿರಬೇಕು ಎಂಬುದನ್ನು ಊಹೆಯಿಂದ ಇಡಬೇಡಿ. ಮೊದಲ ಬ್ರೆಡ್ ಕೈಗೆ ಬರಲು ಎಂಟು ದಿನ ಬೇಕಾದರೆ ಆರು ಜನರಿಗೆ 96 ಬ್ರೆಡ್ ಬೇಕೇ ಬೇಕು. ಹೊಸಬರು ತಪ್ಪು ಮಾಡುತ್ತಾರೆ, ಆದ್ದರಿಂದ ಅದರ ಅರ್ಧದಷ್ಟು ಸೇರಿಸಿ 144 ಕೊಡಿ. 1961ರಲ್ಲಿ ಜಾನ್ ಲಿಟ್ಲ್ ಸಾಧಿಸಿ ತೋರಿಸಿದ ನಿಯಮವೂ ಇಲ್ಲಿ ನೆರವಿಗೆ ಬರುತ್ತದೆ: ಸರಪಳಿಯ ಒಳಗಿರುವ ಸರಕಿನ ಪ್ರಮಾಣ ಎಂದರೆ ಹರಿವಿನ ವೇಗವನ್ನು ಅದು ಒಳಗೆ ಕಳೆಯುವ ಸಮಯದಿಂದ ಗುಣಿಸಿದಷ್ಟು. ದಿನಕ್ಕೆ 60 ಬ್ರೆಡ್ ತಿನ್ನುವ ಊರಿನಲ್ಲಿ ಕೊಯ್ಲಿನಿಂದ ತಟ್ಟೆಗೆ ಮೂರು ದಿನ ಹಿಡಿದರೆ 180 ಬ್ರೆಡ್ಡಿನಷ್ಟು ಸರಕು ಸದಾ ದಾರಿಯಲ್ಲಿಯೇ ಇರುತ್ತದೆ. ಪರದೆಯ ಮೇಲಿನ ‘ಆಹಾರ: 180’ ಎಂಬ ಅಂಕಿ ಹಾಗಾಗಿ ಮೋಸಗೊಳಿಸಬಹುದು. ಅದರ ಬದಲು ‘ಉಗ್ರಾಣದಲ್ಲಿ ಇಷ್ಟು ದಿನಕ್ಕೆ ಸಾಕು’ ಎಂದು ತೋರಿಸಿ.

ಋತುಗಳಿದ್ದರೆ ಉಗ್ರಾಣದ ಗಾತ್ರವೂ ತಾನಾಗಿಯೇ ನಿರ್ಧಾರವಾಗುತ್ತದೆ. 48 ದಿನದ ವರ್ಷದಲ್ಲಿ 24 ದಿನ ಬೆಳೆಯಿಲ್ಲದಿದ್ದರೆ ಮೂವತ್ತು ಜನರಿಗೆ 1,440 ಬ್ರೆಡ್ಡಿಗೆ ಬೇಕಾದ 1,440 ಹೊರೆ ಗೋಧಿ ಕೂಡಿಡಬೇಕು. ಒಂದು ಉಗ್ರಾಣ 500 ಹಿಡಿದರೆ ಮೂರು ಬೇಕು. ಕೊಳೆಯುವಿಕೆಯನ್ನು ಸೇರಿಸಿದರೆ ಅದು ಸಹಜವಾದ ಮೇಲ್ಮಿತಿಯಾಗಿ ಕೆಲಸ ಮಾಡುತ್ತದೆ: ದಿನಕ್ಕೆ ಶೇಕಡಾ 1 ಕೊಳೆಯುವಾಗ ಮತ್ತು ದಿನಕ್ಕೆ 10 ಹೊರೆ ಹೆಚ್ಚುವರಿ ಬರುವಾಗ ರಾಶಿ 1,000ದ ಬಳಿ ನಿಲ್ಲುತ್ತದೆ, ಆಟಗಾರ ಅನಂತವಾಗಿ ಗುಡ್ಡೆ ಹಾಕಲಾರ.

ಕೆಲಸ ಯಾವಾಗ ಶುರು, ಯಾವಾಗ ನಿಲುಗಡೆ

ಪ್ರತಿ ವಸ್ತುವಿಗೂ ಎರಡು ಗೆರೆಗಳಿರಲಿ. ಬ್ರೆಡ್ 40ಕ್ಕಿಂತ ಕೆಳಗೆ ಇಳಿದಾಗ ಬೇಕರಿಯ ಒಲೆ ಹೊತ್ತಿಕೊಳ್ಳಲಿ, 80 ತಲುಪಿದಾಗ ಆರಲಿ. ಒಂದೇ ಗೆರೆ ಇಟ್ಟರೆ ಕೆಲಸಗಾರ ಒಂದು ಬ್ರೆಡ್ಡಿಗಾಗಿ ಬೇಕರಿಗೂ ಹೊಲಕ್ಕೂ ಓಡಾಡುತ್ತ ದಿನವನ್ನೇ ಕಳೆಯುತ್ತಾನೆ. ಉಗ್ರಾಣದಲ್ಲಿ ಪ್ರತಿ ವಸ್ತುವಿಗೂ ಮೀಸಲು ಜಾಗ ಇಡಿ; ಗೋಧಿಯೇ ಎಲ್ಲ ಜಾಗವನ್ನು ತುಂಬಿದರೆ ಹಿಟ್ಟು ಇಡಲು ಸ್ಥಳವಿಲ್ಲದೆ ಗಿರಣಿ ನಿಲ್ಲುತ್ತದೆ, ಗಿರಣಿ ನಿಂತದ್ದರಿಂದ ಗೋಧಿ ಖಾಲಿಯಾಗುವುದಿಲ್ಲ, ಊರು ತುಂಬಿದ ಕಣಜದ ಪಕ್ಕದಲ್ಲೇ ಹಸಿಯುತ್ತದೆ. ಕೆಲಸಗಾರ ಒಂದು ಮೂಟೆಯನ್ನು ತನಗಾಗಿ ಕಾಯ್ದಿರಿಸಿದ ಮೇಲೆ ಸತ್ತರೆ ಅಥವಾ ಬೇರೆಡೆಗೆ ಕಳುಹಿಸಲ್ಪಟ್ಟರೆ ಆ ಕಾಯ್ದಿರಿಸುವಿಕೆ ತಕ್ಷಣ ರದ್ದಾಗಬೇಕು. ಇದು ಕೋಡಿನ ವಿಷಯವಾದರೂ ಅರ್ಥವ್ಯವಸ್ಥೆಯ ದೋಷದಂತೆಯೇ ಕಾಣಿಸಿಕೊಂಡು ವಾರಗಟ್ಟಲೆ ದಾರಿ ತಪ್ಪಿಸುತ್ತದೆ.

ಹಣ ಬೇಕೇ?

ಊರಿನ ಒಳಗೆ ಎಲ್ಲರೂ ಆಟಗಾರನ ಆಜ್ಞೆಯಂತೆ ನಡೆಯುವ ಆಟಕ್ಕೆ ಹಣ ಬೇಡ. ಏನನ್ನು ಕೊಳ್ಳಬೇಕೆಂದು ನಿವಾಸಿಗಳು ತಾವೇ ಆರಿಸುವುದಿಲ್ಲವಾದರೆ ನಾಣ್ಯಕ್ಕೆ ಮಾಡಲು ಕೆಲಸವಿಲ್ಲ. ‘ಡ್ವಾರ್ಫ್ ಫೋರ್ಟ್ರೆಸ್’ ಆಟದ ಹಳೆಯ ಆವೃತ್ತಿಗಳಲ್ಲಿ ನಿವಾಸಿಗಳಿಗೆ ಕೂಲಿ, ನಾಣ್ಯ, ಮನೆಬಾಡಿಗೆ ಎಲ್ಲವೂ ಇದ್ದವು. ಮುಂದೆ ಆ ಭಾಗವನ್ನು ಆಟದಿಂದ ತೆಗೆಯಲಾಯಿತು. ‘ಬ್ಯಾನಿಷ್ಡ್’ ಹಣವೇ ಇಲ್ಲದೆ ಹೊರಗಿನ ವ್ಯಾಪಾರಿಗಳೊಡನೆ ಸರಕಿಗೆ ಸರಕು ವಿನಿಮಯ ಮಾಡುತ್ತದೆ. ಹಣ ಅರ್ಥಪೂರ್ಣವಾಗುವುದು ಊರಿನ ಗಡಿಯಲ್ಲಿ, ಹೊರಗಿನವರೊಡನೆ ವ್ಯವಹರಿಸುವಾಗ.

ಆ ಗಡಿಯಲ್ಲಿ ಬೆಲೆ ಇಡುವಾಗಲೂ ದುಡಿಮೆಯ ಸೆಕೆಂಡುಗಳಿಂದಲೇ ಆರಂಭಿಸಿ. ಒಂದು ಹೊರೆ ಗೋಧಿ 15 ಆದರೆ ಹಿಟ್ಟಿನ ಮೂಟೆ 40, ಬ್ರೆಡ್ 35. ವ್ಯಾಪಾರಿ ಕೊಳ್ಳುವ ಬೆಲೆ ಇದಕ್ಕಿಂತ ಸ್ವಲ್ಪ ಕೆಳಗೂ, ಮಾರುವ ಬೆಲೆ ಸ್ವಲ್ಪ ಮೇಲೂ ಇರಲಿ. ಹಿಟ್ಟು ಕೊಂಡು ಬ್ರೆಡ್ ಮಾರಿ ಬರುವ ಲಾಭ ಹೊಲದ ದುಡಿಮೆಗಿಂತ ಬಹಳ ಹೆಚ್ಚಾದರೆ ಆಟಗಾರ ಒಂದೇ ಬೇಕರಿ ಕಟ್ಟಿ ಉಳಿದ ಆಟವನ್ನೆಲ್ಲ ಬಿಟ್ಟುಬಿಡುತ್ತಾನೆ. ಬೆಲೆ ದಾಸ್ತಾನಿನೊಂದಿಗೆ ಏರಿಳಿಯಲಿ: ವ್ಯಾಪಾರಿಯ ಬಯಸಿದ ದಾಸ್ತಾನನ್ನು ಇರುವ ದಾಸ್ತಾನಿನಿಂದ ಭಾಗಿಸಿ ಅದರ ವರ್ಗಮೂಲವನ್ನು ಮೂಲಬೆಲೆಗೆ ಗುಣಿಸಿದರೆ, ನಾಲ್ಕನೆಯ ಒಂದು ಭಾಗ ಮಾತ್ರ ಉಳಿದಾಗ ಬೆಲೆ ಇಮ್ಮಡಿಯಾಗುತ್ತದೆ, ನಾಲ್ಕು ಪಟ್ಟು ತುಂಬಿದಾಗ ಅರ್ಧವಾಗುತ್ತದೆ. ಆ ಎರಡು ಅಂಚುಗಳಲ್ಲಿ ಬೆಲೆಯನ್ನು ತಡೆದು ನಿಲ್ಲಿಸಿ. ಕಟ್ಟಡ ಕೆಡವಿದಾಗ ಸಾಮಗ್ರಿಯನ್ನು ಪೂರ್ತಿ ಮರಳಿಸಬೇಡಿ. ಕಟ್ಟುವ ಕೆಲಸದಿಂದ ಅನುಭವದ ಅಂಕಗಳು ಸಿಗುವ ಆಟದಲ್ಲಿ ಒಂದೇ ಗೋಡೆಯನ್ನು ಕಟ್ಟಿ ಕೆಡವುವುದೇ ಲಾಭದ ಉದ್ಯೋಗವಾಗುತ್ತದೆ.

ಸಂಖ್ಯೆಗಳನ್ನು ಬಚ್ಚಿಡಬೇಡಿ

ಕಾರ್ಖಾನೆ ಕಟ್ಟುವ ‘ಫ್ಯಾಕ್ಟೋರಿಯೊ’ ಆಟದಲ್ಲಿ ಒಂದು ಎಲೆಕ್ಟ್ರಾನಿಕ್ ಸರ್ಕ್ಯೂಟಿಗೆ 3 ತಾಮ್ರದ ತಂತಿ ಮತ್ತು 1 ಕಬ್ಬಿಣದ ತಗಡು ಬೇಕು, ಒಂದು ತಾಮ್ರದ ತಗಡಿನಿಂದ 2 ತಂತಿ ಆಗುತ್ತವೆ, ಎರಡಕ್ಕೂ ಅರ್ಧ ಸೆಕೆಂಡು. ಹಾಗಾಗಿ ಮೂರು ತಂತಿಯಂತ್ರಕ್ಕೆ ಎರಡು ಸರ್ಕ್ಯೂಟ್ ಯಂತ್ರ ಸರಿಹೊಂದುತ್ತವೆ. ಆಟಗಾರರು ಇದನ್ನು ತಾವೇ ಕಂಡುಕೊಂಡು ಹಿಗ್ಗುತ್ತಾರೆ. ‘ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್’ನಲ್ಲಿ ಒಬ್ಬ ನಿವಾಸಿ ಸೆಕೆಂಡಿಗೆ 100 ಗ್ರಾಂ ಆಮ್ಲಜನಕ ಸೇವಿಸುತ್ತಾನೆ, ಒಂದು ಎಲೆಕ್ಟ್ರೊಲೈಸರ್ ಸೆಕೆಂಡಿಗೆ 1 ಕಿಲೋ ನೀರಿನಿಂದ 888 ಗ್ರಾಂ ಕೊಡುತ್ತದೆ: ಎಂಟು ಜನಕ್ಕೆ ಸಾಕಾಗಿ ಸ್ವಲ್ಪ ಮಿಗುತ್ತದೆ. ‘ರಿಮ್‌ವರ್ಲ್ಡ್’ನಲ್ಲಿ 0.5 ಪೋಷಕಾಂಶದ ಹಸಿ ಪದಾರ್ಥದಿಂದ 0.9ರ ಸಾದಾ ಊಟ ತಯಾರಾಗುವುದರಿಂದ ಅಡುಗೆಯವನಿಗೆ ಒಂದು ಸ್ಥಾನ ಸಿಗುತ್ತದೆ. ಇಂಥ ಲೆಕ್ಕಗಳು ಬಯಲಿನಲ್ಲಿದ್ದಾಗ ಆಟಗಾರ ಯೋಜನೆ ಹಾಕುತ್ತಾನೆ. ಮುಚ್ಚಿಟ್ಟಾಗ ಊಹೆಯಿಂದ ಕಟ್ಟಿ, ಸೋತಾಗ ಆಟವನ್ನು ಬಯ್ಯುತ್ತಾನೆ.

ಪರೀಕ್ಷೆ

ಮೊದಲು ಆಟದೊಳಗೆ ಒಂದು ಲೆಕ್ಕದ ಪುಸ್ತಕ ಇಡಿ. ಪ್ರತಿ ದಿನದ ಕೊನೆಗೆ ಪ್ರತಿ ವಸ್ತುವಿಗೂ ನಿನ್ನೆಯ ದಾಸ್ತಾನು, ಇಂದು ಉತ್ಪಾದನೆಯಾದದ್ದು, ಖರ್ಚಾದದ್ದು, ಕೊಳೆತದ್ದು ಎಲ್ಲ ಕೂಡಿ ಕಳೆದಾಗ ಇಂದಿನ ದಾಸ್ತಾನು ಬರಲೇಬೇಕು. ಒಂದು ಹೊರೆಯ ವ್ಯತ್ಯಾಸ ಬಂದರೂ ಎಚ್ಚರಿಕೆ ಮೂಡಲಿ, ಏಕೆಂದರೆ ವಸ್ತುಗಳು ಗಾಳಿಯಿಂದ ಹುಟ್ಟುವ ಅಥವಾ ಗಾಳಿಯಲ್ಲಿ ಕರಗುವ ಆಟದಲ್ಲಿ ಸಮತೋಲನದ ಮಾತೇ ಇಲ್ಲ.

ಆಮೇಲೆ ಚಿತ್ರಗಳಿಲ್ಲದೆ ಸಿಮ್ಯುಲೇಷನ್ ಒಂದನ್ನೇ ವೇಗವಾಗಿ ಓಡಿಸುವ ವ್ಯವಸ್ಥೆ ಮಾಡಿ, ಸರಳ ನಿಯಮಗಳಂತೆ ಊರು ನಡೆಸುವ ಮೂರು ಬಗೆಯ ಯಾಂತ್ರಿಕ ಆಟಗಾರರನ್ನು ಬರೆಯಿರಿ: ಆಹಾರ ಹತ್ತು ದಿನಕ್ಕಿಂತ ಕಡಿಮೆಯಾದಾಗ ಮಾತ್ರ ಎಚ್ಚರಗೊಳ್ಳುವ ಸೋಮಾರಿ, ಎಲ್ಲವನ್ನೂ ಕೂಡಿಡುವ ಜಿಪುಣ, ಮನೆಗಳನ್ನು ಅವಸರದಿಂದ ಕಟ್ಟುವ ಆತುರಗಾರ. ಪ್ರತಿಯೊಬ್ಬರನ್ನೂ ನೂರು ಬೇರೆ ಬೇರೆ ನಕ್ಷೆಗಳಲ್ಲಿ ಐದು ವರ್ಷ ಆಡಿಸಿ, ಊರು ಸತ್ತ ದಿನವನ್ನೂ ಸಾಯುವ ಮೊದಲು ಯಾವ ವಸ್ತು ಶೂನ್ಯ ಮುಟ್ಟಿತೆಂಬುದನ್ನೂ ಬರೆದಿಡಿ. ಜಿಪುಣ ಎಲ್ಲ ನಕ್ಷೆಗಳಲ್ಲಿ ಉಳಿದರೆ ಕೂಡಿಡುವುದಕ್ಕೆ ಏನನ್ನೂ ತೆರಬೇಕಾಗಿಲ್ಲವೆಂದು ಅರ್ಥ. ಆತುರಗಾರ ಒಂದರಲ್ಲೂ ಉಳಿಯದಿದ್ದರೆ ಇಳಿಜಾರು ಪ್ರಪಾತವಾಗಿದೆ ಎಂದರ್ಥ. ಎಲ್ಲ ಸಾವುಗಳೂ ಒಂದೇ ವಸ್ತುವಿನಿಂದ ಆಗುತ್ತಿದ್ದರೆ ಉಳಿದ ವಸ್ತುಗಳು ಆಟದಲ್ಲಿ ಇನ್ನೂ ಪಾತ್ರ ವಹಿಸುತ್ತಿಲ್ಲ. ಒಂದು ಸಲಕ್ಕೆ ಒಂದೇ ಸಂಖ್ಯೆಯನ್ನು ಬದಲಿಸಿ, ಅದಕ್ಕೆ ತಕ್ಕಂತೆ ಸ್ಪ್ರೆಡ್‌ಶೀಟಿನ 19 (ಊರನ್ನು ಉಳಿಸಿಕೊಳ್ಳಲು ಬೇಕಾದವರು) ಮತ್ತು 5 (ಉಳಿಕೆ) ಎಷ್ಟಾದವೆಂದು ನೋಡಿ, ಆ ಮುನ್ನೂರು ಊರುಗಳನ್ನು ಮತ್ತೆ ಮೊದಲಿನಿಂದ ಓಡಿಸಿ.